ಅಣ್ಣನಿಗೆ ಕಲಿಸಿದ ಹದಿನೈದು ಪದಗಳು

ಟಕ್ ಎಂದಿತು ಒಳಗೆ ಸ್ಟಾಪ್‌ವಾಚು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಎರಡು ಬೆರಳಿನಷ್ಟು ಸಂದು ಉಳಿದಿತ್ತು. ಕಾರಿಡಾರಿನ ಬೆಂಚಿನ ತುದಿಯಲ್ಲಿ ಕುಳಿತಿದ್ದ ಡೈರೆಕ್ಟರಿಯಮ್ಮನ ಕಿವಿ ಆ ಸಂದಿಗೆ ಅಂಟಿಕೊಂಡಿತ್ತು. ಒಳಗಿದ್ದವನು ಅವಳ ಅಣ್ಣ. ಪರೀಕ್ಷೆ ನಡೆಸುವ ಹುಡುಗಿ ಮೊದಲು ಹದಿನೈದು ಪದಗಳನ್ನು ನಿಧಾನವಾಗಿ ಓದುತ್ತಾಳೆ. ಇಪ್ಪತ್ತು ನಿಮಿಷ ಚಿತ್ರ ತೋರಿಸಿ, ಲೆಕ್ಕ ಕೊಟ್ಟು, ಮನಸ್ಸನ್ನು ಬೇರೆ ಕಡೆಗೆ ಎಳೆಯುತ್ತಾಳೆ. ಆಮೇಲೆ, "ಈಗ ಆ ಪದಗಳಲ್ಲಿ ನೆನಪಿದ್ದಷ್ಟನ್ನ ಹೇಳಿ" ಎಂದು ಗಡಿಯಾರ ಒತ್ತುತ್ತಾಳೆ. ಎರಡು ನಿಮಿಷದ ಗಡುವು.

"ಏಣಿ," ಎಂದ ಅಣ್ಣ. ಗಂಟಲು ಸರಿಮಾಡಿಕೊಂಡ. "ನಿಂಬೆಹಣ್ಣು. ದೋಣಿ. ಕಂಬಳಿ..."

ಡೈರೆಕ್ಟರಿಯಮ್ಮ ಬಾಗಿಲ ಸಂದಿಗೆ ಇನ್ನಷ್ಟು ಬಾಗಿದಳು. ಏಣಿ ಅಲ್ಲ. ಈ ವರ್ಷದ್ದು ಬಾಗಿಲು. ಬಾಗಿಲು, ಕುದುರೆ, ಕತ್ತರಿ, ಮೋಡ. ಹತ್ತು ದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅವಳೇ ಬಾಯಿಪಾಠ ಮಾಡಿಸಿದ್ದಳು. ಏಣಿ ಹೋದ ವರ್ಷದ ಪಟ್ಟಿಯದು. ಅಣ್ಣ ಈ ವರ್ಷದ ಪರೀಕ್ಷೆಯಲ್ಲಿ ಕುಳಿತು ಹೋದ ವರ್ಷದ ಉತ್ತರ ಒಪ್ಪಿಸುತ್ತಿದ್ದ. ಅದೂ ಎಂಥ ಧೈರ್ಯದಿಂದ! ಗಟ್ಟಿ ದನಿಯಲ್ಲಿ, ಮೇಷ್ಟ್ರ ಮುಂದೆ ನಿಂತ ಬುದ್ಧಿವಂತ ಮಗುವಿನ ಹಾಗೆ.

ಇಪ್ಪತ್ತೇಳು ವರ್ಷ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಸೆಟ್, ಎದುರಿಗೆ ತೂತು ತೂತಿನ ಬೋರ್ಡು, ಎರಡು ಕೈಯಲ್ಲೂ ವೈರು. ಯಾರ ಮನೆಯ ನಂಬರು ಯಾವುದು, ಯಾವ ಡಾಕ್ಟರು ಎಷ್ಟು ಗಂಟೆಗೆ ಮನೆ ಸೇರುತ್ತಾರೆ, ಯಾವ ಅಂಗಡಿಯವನು ಯಾರ ಫೋನು ಬಂದರೆ ತಾನಿಲ್ಲ ಎಂದು ಹೇಳಿಸುತ್ತಾನೆ, ಎಲ್ಲ ಅವಳ ತಲೆಯಲ್ಲಿತ್ತು. ಪುಸ್ತಕ ತೆಗೆದು ನೋಡಿದ್ದೇ ಇಲ್ಲ. ಹಾಗಾಗಿಯೇ ಡೈರೆಕ್ಟರಿ ಎಂಬ ಹೆಸರು ಬಿತ್ತು, ವಯಸ್ಸಾದ ಮೇಲೆ ಅದಕ್ಕೆ ಅಮ್ಮ ಸೇರಿಕೊಂಡಿತು. ತಾನಾಗಿ ಜೋಡಿಸುವ ಯಂತ್ರ ಬಂದ ಮೇಲೆ ಅವಳನ್ನು ಲೆಡ್ಜರ್ ಬರೆಯಲು ಕೂರಿಸಿದರು, ಆಮೇಲೆ ಮನೆಗೆ ಕಳಿಸಿದರು. ತಲೆಯೊಳಗಿನ ನಂಬರುಗಳನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಅರ್ಧಕ್ಕರ್ಧ ಜನ ಸತ್ತಿದ್ದಾರೆ, ಅವರ ನಂಬರು ಇನ್ನೂ ಬದುಕಿದೆ.

ಎಂಟು ವರ್ಷದ ಹಿಂದೆ ವಾಚನಾಲಯದ ಗೋಡೆಯ ಮೇಲೆ ಒಂದು ಚೀಟಿ ನೋಡಿದಳು. 'ಅರವತ್ತು ದಾಟಿದವರ ನೆನಪಿನ ಅಧ್ಯಯನ. ಸ್ವಯಂಸೇವಕರು ಬೇಕಾಗಿದ್ದಾರೆ.' ಬೇಕಾಗಿದ್ದಾರೆ ಎಂಬ ಮಾತನ್ನು ಎರಡು ಸಲ ಓದಿಕೊಂಡಳು. ಮರುದಿನವೇ ಆಸ್ಪತ್ರೆಯ ಹಿಂಬದಿಯ ಈ ಹಳೆಯ ಕಟ್ಟಡಕ್ಕೆ ಬಂದು ಸಹಿ ಹಾಕಿದಳು. ವರ್ಷಕ್ಕೊಂದು ಸಲ ಪರೀಕ್ಷೆ. ಅದಲ್ಲದೆ ಪ್ರತಿ ಬುಧವಾರ ಮಧ್ಯಾಹ್ನ ಕಲಿಕೆಯ ಕೂಟ: ತನಗೆ ಗೊತ್ತಿದ್ದನ್ನು ಒಬ್ಬರು ಹೇಳಿಕೊಡುವುದು, ಮಿಕ್ಕವರು ಕಲಿಯುವುದು. ಒಬ್ಬ ನಿವೃತ್ತ ಎಲೆಕ್ಟ್ರಿಷಿಯನ್ ಇದ್ದ, ಎಲ್ಲರೂ ಫ್ಯೂಸ್ ಮಾಮ ಅನ್ನುತ್ತಿದ್ದರು. ಇಸ್ತ್ರಿಪೆಟ್ಟಿಗೆ ಬಿಚ್ಚಿ ಜೋಡಿಸುವುದನ್ನು ಹೇಳಿಕೊಟ್ಟವನು ಅವನೇ. "ನಮ್ಮ ಮೆದುಳಿಗೆ ಇವರು ಮೀಟರ್ ಹಾಕ್ತಾರೆ ಕಣ್ರೀ. ಓಡೋದು ನಿಂತ ದಿನ ಕನೆಕ್ಷನ್ ಕಟ್" ಎಂದು ನಗಿಸುತ್ತಿದ್ದ. ಡೈರೆಕ್ಟರಿಯಮ್ಮ ಹೇಳಿಕೊಟ್ಟದ್ದು ನೆನಪಿಟ್ಟುಕೊಳ್ಳುವ ಬಗೆ.

ನಾಲ್ಕನೆಯ ವರ್ಷ ಅವಳಿಗೊಂದು ಸಂಗತಿ ಗೊತ್ತಾಯಿತು. ಇವರ ಹತ್ತಿರ ಇದ್ದದ್ದು ಮೂರೇ ಪಟ್ಟಿ. ಒಂದಾದ ಮೇಲೊಂದು, ಸುತ್ತಿ ಸುತ್ತಿ ಬರುತ್ತಿದ್ದವು. ವರ್ಷ ಕಳೆದರೆ ಯಾರಿಗೆ ತಾನೇ ನೆನಪಿರುತ್ತದೆ ಎಂದು ಅವರ ಎಣಿಕೆ. ಉಳಿದವರ ಮಟ್ಟಿಗೆ ಅದು ನಿಜವೂ ಹೌದು. ಇವಳಿಗೆ ಮಾತ್ರ ಮೂರೂ ಪಟ್ಟಿ ಹಳೆಯ ಫೋನ್ ನಂಬರುಗಳ ಪಕ್ಕದಲ್ಲಿ ಹೋಗಿ ಕೂತುಬಿಟ್ಟಿದ್ದವು. ಪದಗಳು ಮೊದಲೇ ಗೊತ್ತಿದ್ದರೆ ಹೇಳಬೇಕು, ಹೇಳದವರ ಅಷ್ಟೂ ವರ್ಷದ ಫಲಿತಾಂಶ ತೆಗೆದುಹಾಕಬೇಕಾಗುತ್ತದೆ ಎಂದು ಸಹಿ ಹಾಕುವ ದಿನವೇ ಓದಿ ತಿಳಿಸಿದ್ದರು. ನಾನೇನು ಕಲಿಯಲಿಲ್ಲವಲ್ಲ, ಅವಾಗಿಯೇ ಉಳಿದುಕೊಂಡರೆ ನಾನೇನು ಮಾಡಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹದಿನೈದಕ್ಕೆ ಹದಿನೈದು. ಪ್ರತಿ ವರ್ಷ. ಗೋಡೆಯ ಮೇಲೆ ಅವಳ ಫೋಟೋ ಹಾಕಿದರು. ಎಕ್ಸ್‌ಚೇಂಜು ಬಿಟ್ಟ ಮೇಲೆ ಯಾರೂ ಅವಳನ್ನು ಹೊಗಳಿರಲಿಲ್ಲ. ಹಾಗಾಗಿ ಬಾಯಿ ಬಿಡಲಿಲ್ಲ.

ಅಣ್ಣನನ್ನು ಸೇರಿಸಿದವಳೂ ಅವಳೇ. ಅವನು ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಹನಿ ಲೆಕ್ಕದಲ್ಲಿ ಔಷಧಿ ಅಳೆದ ಕೈ. ಮೊದಲ ವರ್ಷ ಒಂಬತ್ತು ಪದ ಹೇಳಿದ. ಎರಡನೆಯ ವರ್ಷ ಐದು. ಆ ಸಲ ಮನೆಗೊಂದು ಕಾಗದ ಬಂತು: ಮನೆಯವರಿಗೆ ತಿಳಿಸಿ, ಡಾಕ್ಟರನ್ನು ಕಾಣಿ ಎಂದು. ಅಣ್ಣ ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. ಅಣ್ಣನ ಮನೆಯ ಮೇಲಿನ ಕೋಣೆಯಲ್ಲೇ ಅವಳ ವಾಸ.

"ನನ್ನ ಮರ್ಯಾದೆ ಉಳಿಸೇ," ಎಂದ.

"ಡಾಕ್ಟರ ಹತ್ರ ಹೋಗೋದ್ರಲ್ಲಿ ಮರ್ಯಾದೆ ಏನಣ್ಣ ಹೋಗುತ್ತೆ?"

"ಮಗಳಿಗೆ ಮೊದಲೇ ಅನುಮಾನ. ಇದು ಗೊತ್ತಾದ್ರೆ ನನ್ನ ಕೈಯಿಂದ ಸಿರಿಂಜ್ ಕಿತ್ಕೋತಾಳೆ. ಯಾರೋ ನರ್ಸನ್ನ ತಂದು ಕೂರಿಸ್ತಾಳೆ. ನಿಮ್ಮತ್ತಿಗೆಗೆ ಇಪ್ಪತ್ತೆರಡು ವರ್ಷದಿಂದ ನಾನೇ ಕೊಡ್ತಿರೋದು. ಬೇರೆಯವರ ಕೈ ಮುಟ್ಟಿದ್ರೆ ಅವಳಿಗೆ ನೋವಾಗುತ್ತಂತೆ. ಅವಳೇ ಹೇಳ್ತಾಳೆ, ಕೇಳು ಬೇಕಾದ್ರೆ."

ಅತ್ತಿಗೆಯದು ಹಳೆಯ ಸಕ್ಕರೆ ಕಾಯಿಲೆ. ಕಣ್ಣು ಮಂಜಾಗಿ ಸಿರಿಂಜಿನ ಗೆರೆ ಅವರಿಗೆ ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ಒಂದು ಸಲ ಇನ್ಸುಲಿನ್. ಗಂಡ ಸೂಜಿ ಹಿಡಿದು ಬಂದರೆ ಅವರು ಮಾತು ನಿಲ್ಲಿಸದೆ ತೋಳು ಚಾಚುತ್ತಿದ್ದರು, ನಂಬಿಕೆ ಅಂಥದ್ದು.

ಡೈರೆಕ್ಟರಿಯಮ್ಮ ಒಂದು ರಾತ್ರಿಯೂ ಯೋಚಿಸಲಿಲ್ಲ. ಚಿಕ್ಕಂದಿನಲ್ಲಿ ಅವಳು ಮಗ್ಗಿ ತಪ್ಪಿದಾಗ ಅಪ್ಪನ ಬೆತ್ತಕ್ಕೆ ತನ್ನ ಅಂಗೈ ಅಡ್ಡ ಹಿಡಿದ ಅಣ್ಣ ಇವನು. ಮುಂದಿನ ಪರೀಕ್ಷೆಗೆ ಹತ್ತು ದಿನ ಇದೆ ಎನ್ನುವಾಗ ಮೆಟ್ಟಿಲ ಮೇಲೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಏಣಿಯ ಮೇಲೆ ನಿಂಬೆಹಣ್ಣು, ನಿಂಬೆಹಣ್ಣು ದೋಣಿಗೆ ಬಿತ್ತು, ದೋಣಿಯಲ್ಲಿ ಕಂಬಳಿ ಹೊದ್ದವನು... ಅಣ್ಣ ನಗುತ್ತಿದ್ದ. "ಯಾವನೇ ಅವನು, ದೋಣೀಲಿ ಕಂಬಳಿ ಹೊದ್ದು ಮಲಗಿರೋ ಸೋಮಾರಿ?" ಎನ್ನುತ್ತಿದ್ದ. ಆ ಸಲ ಹದಿಮೂರು ಹೇಳಿದ. ವರದಿಯ ಹಾಳೆಯನ್ನು ಮಗಳು ಓದಿ, ನಿಟ್ಟುಸಿರು ಬಿಟ್ಟು, "ಸದ್ಯ ಅಪ್ಪ, ನಾನು ಸುಮ್ನೆ ಹೆದರ್ಕೊಂಡಿದ್ದೆ" ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದಳು. ನರ್ಸಿನ ಮಾತು ಅಲ್ಲಿಗೇ ನಿಂತಿತು.

ಆಮೇಲಿನದು ಈ ತಿಂಗಳ ಮೊದಲ ಮಂಗಳವಾರದ ಮಾತು. ಅತ್ತಿಗೆ ಅಡುಗೆಮನೆಯಲ್ಲಿ ಬೆವತು ಕುಸಿದು ಕೂತಿದ್ದರು. ಕೈ ನಡುಗುತ್ತಿತ್ತು, ಕರೆದರೆ ಯಾರೆಂದು ಗೊತ್ತಾಗುತ್ತಿರಲಿಲ್ಲ. ಸಕ್ಕರೆ ನೀರು ಕುಡಿಸಿದ ಮೇಲೆ ಕಣ್ಣು ಬಿಟ್ಟರು. "ತಿಂಡಿ ಸರಿಯಾಗಿ ತಿಂದಿಲ್ಲ ಇವಳು" ಎಂದು ಅಣ್ಣ ಗದರಿದ. ತಟ್ಟೆ ತೊಳೆದವಳು ಡೈರೆಕ್ಟರಿಯಮ್ಮ. ತಟ್ಟೆಯಲ್ಲಿ ಏನೂ ಮಿಕ್ಕಿರಲಿಲ್ಲ.

ಬಳಸಿದ ಸಿರಿಂಜುಗಳನ್ನು ಅಣ್ಣ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ, ಭಾನುವಾರ ಡಬ್ಬಿ ಖಾಲಿ ಮಾಡುತ್ತಿದ್ದ. ಅವತ್ತು ಅವಳು ಮುಚ್ಚಳ ತೆಗೆದು ನೋಡಿದಳು. ಸೋಮವಾರದ್ದು ಒಂದು, ಮಂಗಳವಾರದ್ದು ಒಂದು ಇರಬೇಕಾಗಿತ್ತು. ಇದ್ದದ್ದು ಮೂರು. ಹಳೆಯದೊಂದು ತಳಕ್ಕೆ ಅಂಟಿಕೊಂಡು ಉಳಿದಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡೇ ಮುಚ್ಚಳ ಹಾಕಿದಳು. ಅಂದಿನಿಂದ ದಿನಾ ಏಳೂವರೆಗೆ ಏನಾದರೊಂದು ನೆಪ ಮಾಡಿಕೊಂಡು ಕೆಳಗೆ ಬಂದು, ಅಣ್ಣ ಸೂಜಿ ಚುಚ್ಚಿ ಮುಗಿಸುವವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ಸಲ ಕೊಡುವುದನ್ನು ಕಣ್ಣಾರೆ ನೋಡಬಹುದು. ಮತ್ತೊಂದು ಸಲ ಯಾವಾಗ ಕೊಡುತ್ತಾನೆ ಎಂದು ಇಡೀ ದಿನ ಕಾಯುವುದು ಹೇಗೆ? ಆದರೂ ಹತ್ತು ದಿನ ಅದೇ ಮೆಟ್ಟಿಲ ಮೇಲೆ ಬಾಗಿಲು, ಕುದುರೆ, ಕತ್ತರಿ ಎಂದು ಪಾಠ ಹೇಳಿದಳು. ಇನ್ನೊಂದೇ ಒಂದು ಸಲ ಎಂದು.

ಬಾಗಿಲು ತೆರೆಯಿತು. ಹುಡುಗಿ ಹಾಳೆ ಹಿಡಿದುಕೊಂಡು ಹೊರಗೆ ಬಂದಳು. ಮುಖ ಅರಳಿತ್ತು.

"ಅಮ್ಮಾ, ನಿಮ್ಮ ಅಣ್ಣ ಏನು ಮಾಡಿದ್ರು ಗೊತ್ತಾ? ಈ ವರ್ಷದ ಪಟ್ಟೀಲಿ ಒಂದೂ ಹೇಳಲಿಲ್ಲ."

ಡೈರೆಕ್ಟರಿಯಮ್ಮ ಕುತ್ತಿಗೆ ಚಾಚಿ ಹಾಳೆ ನೋಡಿದಳು.

"ಆದ್ರೆ ಹೇಳಿದ ಹದಿಮೂರೂ ಹೋದ ವರ್ಷದ್ದು! ಫೈಲು ತೆಗೆದು ನೋಡಿದೆ. ಒಂದು ವರ್ಷದ ಹಿಂದೆ ಒಂದೇ ಒಂದು ಸಲ ಕೇಳಿದ ಪದಗಳು. ಅದೇ ಸಾಲಿನಲ್ಲಿ! ಹೊಸದು ನಿಲ್ತಾ ಇಲ್ಲ, ಹಳೇದು ಕಲ್ಲಲ್ಲಿ ಕೆತ್ತಿದ ಹಾಗಿದೆ. ಇಂಥದ್ದನ್ನ ನಾನು ಎಲ್ಲೂ ಓದಿಲ್ಲ ಅಮ್ಮಾ."

"ಅದ್ರಿಂದ ಅವನಿಗೇನಾಗುತ್ತೆ?"

"ಅವರಿಗೇನೂ ಇಲ್ಲ. ಹೊಸದು ನಿಲ್ಲಲಿಲ್ಲ ಅಂತ ಇವತ್ತೇ ಡಾಕ್ಟರನ್ನ ಕಾಣಿ ಅನ್ನೋ ಕಾಗದ ಕಳಿಸೋದು ಬೇಡ ಅನ್ನಿಸ್ತು, ವಯಸ್ಸಾದ್ರೆ ಅಷ್ಟು ಮರೆವು ಇದ್ದದ್ದೇ. ನಮ್ಮ ಪ್ರೊಫೆಸರು ಮುಂದಿನ ತಿಂಗಳು ದೊಡ್ಡ ಸಭೆಗೆ ಹೋಗ್ತಾರೆ, ಅಲ್ಲಿ ಇದನ್ನೇ ಹೇಳ್ತಾರೆ. ನಿಮ್ಮದೂ ಸೇರಿಸಿ. ಎಂಟು ವರ್ಷ ಒಂದೂ ತಪ್ಪಿಲ್ಲ, ಅಣ್ಣಂದು ಹೀಗೆ. ಒಂದೇ ಮನೆತನ ನೋಡಿ." ಹುಡುಗಿ ಅವಳ ಭುಜ ಹಿಡಿದು ಅಲುಗಿಸಿದಳು. "ಎಂಥ ಜನ ಅಮ್ಮಾ ನೀವು! ನೀವಿಲ್ಲದಿದ್ರೆ ನಮ್ಮ ಕೆಲಸವೇ ಇಲ್ಲ. ಇರಿ, ಈ ಹಾಳೆ ಬರೆದು ಮುಗಿಸ್ತೀನಿ, ನೀವು ಇನ್ನೊಂದು ಸಹಿ ಹಾಕಬೇಕು."

ಹುಡುಗಿ ಒಳಗೆ ಹೋದಳು. ಪಟ್ಟಿಯ ವಿಷಯವನ್ನೆಲ್ಲ ಡೈರೆಕ್ಟರಿಯಮ್ಮ ಒಂದೇ ಉಸಿರಿಗೆ ಹೇಳಿ ಅವಳನ್ನು ನಿಲ್ಲಿಸಿಬಿಡಬೇಕಾಗಿತ್ತು. ಎದುರು ಗೋಡೆಯ ಮೇಲೆ ಅವಳದೇ ಫೋಟೋ, ಅದರ ಕೆಳಗೆ ಎಂಟು ವರ್ಷದ ಅಂಕ ತೋರಿಸುವ ಒಂದು ನೇರ ಗೆರೆ. ಅದನ್ನು ನೋಡಲು ಆಗದೆ ನೆಲ ನೋಡಿದಳು.

ಅಣ್ಣ ಚಪ್ಪಲಿ ಎಳೆಯುತ್ತ ಹೊರಗೆ ಬಂದ. ಬೆಂಚಿನ ಮೇಲೆ ಧಪ್ಪೆಂದು ಕೂತ.

"ಹದಿಮೂರು ಕಣೇ! ಹುಡುಗಿ ಬಾಯಿ ಬಿಟ್ಕೊಂಡು ನೋಡ್ತಾ ಕೂತ್ಲು."

"ಅಣ್ಣ, ನೀನು ಹೇಳಿದ್ದು ಹೋದ ವರ್ಷದ್ದು. ಏಣಿ ಅಲ್ಲ, ಬಾಗಿಲು ಅಂತ ಹೇಳಿಕೊಟ್ಟಿದ್ದೆ."

"ಯಾವುದೋ ಒಂದು. ಹದಿಮೂರು ಬಂತೋ ಇಲ್ವೋ? ನಿನಗ್ಯಾಕೆ ಹೊಟ್ಟೆಕಿಚ್ಚು?" ಎಂದು ನಕ್ಕ. ಮೊಣಕಾಲ ಮೇಲೆ ಕೈಯೂರಿ ಏಳಲು ನೋಡಿದ. "ನಡಿ ನಡಿ. ಅವಳಿಗೆ ಇಂಜೆಕ್ಷನ್ ಕೊಡಬೇಕು, ಹೊತ್ತಾಗಿ ಹೋಯ್ತು. ಪಾಪ, ಕಾಯ್ತಾ ಕೂತಿರ್ತಾಳೆ."

"ಬೆಳಿಗ್ಗೆ ಕೊಟ್ಟೆಯಲ್ಲಣ್ಣ."

"ಎಲ್ಲಿ ಕೊಟ್ಟೆ?"

"ಏಳೂವರೆಗೆ. ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತಿಗೆ ಬಲ ತೋಳು ಬೇಡ ಅಂದ್ರು, ಎಡಕ್ಕೆ ಕೊಟ್ಟೆ."

"ಅದು ನಿನ್ನೆ."

"ನಿನ್ನೆ ಅಲ್ಲ."

"ನೋಡೇ, ನಲವತ್ತು ವರ್ಷ ಊರಿಗೆಲ್ಲ ಔಷಧಿ ಅಳೆದವನು ನಾನು. ನನ್ನ ಕೈಯಿಂದ ಒಂದು ಹನಿ ಹೆಚ್ಚು ಹೋಗಿಲ್ಲ, ಕಡಿಮೆ ಹೋಗಿಲ್ಲ. ನನಗೆ ನೀನು ಲೆಕ್ಕ ಹೇಳ್ಬೇಡ." ದನಿ ಏರಿತು, ಮತ್ತೆ ತಟ್ಟನೆ ಇಳಿಯಿತು. ಅವಳ ಮುಖದಲ್ಲಿ ಏನು ಕಂಡನೋ, ಅವನ ಕಣ್ಣಿನಲ್ಲಿ ಒಂದು ಭಯ ಸುಳಿಯಿತು. ಕತ್ತಲಲ್ಲಿ ಮೆಟ್ಟಿಲು ಮುಗಿಯಿತು ಎಂದು ಕಾಲಿಟ್ಟವನಿಗೆ ಇನ್ನೊಂದು ಮೆಟ್ಟಿಲು ಸಿಕ್ಕಂತೆ. ಅವಳ ಕೈ ಹಿಡಿದುಕೊಂಡ. "ಕೊಟ್ಟೆನಾ? ನಿಜ ಹೇಳು."

"ಕೊಟ್ಟೆ ಅಣ್ಣ."

"ಮೊನ್ನೆ ಅವಳು ಬಿದ್ದದ್ದು..."

ಅವನ ಕೈ ಬಿಸಿಯಾಗಿತ್ತು, ಸ್ವಲ್ಪವೂ ನಡುಗುತ್ತಿರಲಿಲ್ಲ. ನಡುಗದ ಆ ಕೈ ಮನೆಗೆ ಹೋದರೆ ಅಷ್ಟೇ ಗಟ್ಟಿಯಾಗಿ ಇನ್ನೊಂದು ಸಿರಿಂಜು ತುಂಬುತ್ತದೆ. ಇನ್ನು ಮುಕ್ಕಾಲು ಗಂಟೆಯಲ್ಲಿ ಮನೆ. ಬೆಳಿಗ್ಗೆಯೇ ಕೊಟ್ಟಾಗಿದೆ ಎಂದು ತಾನೀಗ ಹೇಳಿದ್ದು ಅಷ್ಟು ಹೊತ್ತಿಗೆ ಇವನ ತಲೆಯಲ್ಲಿ ಇರುತ್ತದೆಯೋ ಇಲ್ಲವೋ. ಅತ್ತಿಗೆ ಮಾತು ನಿಲ್ಲಿಸದೆ ತೋಳು ಚಾಚುತ್ತಾರೆ. ಫ್ರಿಜ್ಜಿನ ಮೇಲೆ ಹದಿಮೂರು ಎಂದು ಬರೆದ ಹಾಳೆ ಇರುವವರೆಗೆ ಮಗಳು ಯಾರ ಮಾತೂ ಕೇಳುವುದಿಲ್ಲ. ಆ ಹಾಳೆ ಬರೆಸಿದವಳು ತಾನು, ಅದು ಸುಳ್ಳು ಎಂದು ಹೇಳಬೇಕಾದವಳೂ ತಾನೇ.

ಅಣ್ಣ ಆಗಲೇ ಚೇತರಿಸಿಕೊಂಡಿದ್ದ. ಹತ್ತಿರ ಸರಿದು ಗುಟ್ಟಿನ ದನಿಯಲ್ಲಿ ಹೇಳತೊಡಗಿದ.

"ಹೋಗಲಿ ಬಿಡು, ಒಂದು ದಿನ ಮರೆತಿರಬಹುದು. ಯಾರು ಮರೆಯಲ್ಲ? ಮಗಳ ಕಿವಿಗೆ ಹಾಕ್ಬೇಡ, ಅಷ್ಟೇ. ಇನ್ಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ. ಮುಂದಿನ ವರ್ಷ ಯಾವ ಪಟ್ಟಿ ಅಂತ ನಿನಗೆ ಹೇಗೂ ಗೊತ್ತು. ಈ ಸಲ ಹತ್ತು ದಿನ ಸಾಲಲಿಲ್ಲ ನೋಡು, ಒಂದು ತಿಂಗಳು ಮುಂಚೆ ಶುರು ಮಾಡೋಣ. ನಾನೇ ಮೆಟ್ಟಿಲು ಹತ್ತಿ ಬರ್ತೀನಿ, ನೀನು ಇಳಿಯೋದೂ ಬೇಡ..."

ಡೈರೆಕ್ಟರಿಯಮ್ಮ ಅವನ ಕೈಯನ್ನು ಮೆಲ್ಲಗೆ ಬಿಡಿಸಿ ಬೆಂಚಿನ ಮೇಲಿಟ್ಟಳು. ಎದ್ದಳು.

"ಎಲ್ಲಿಗೇ? ಬಸ್ಸು ಆ ಕಡೆ ಅಲ್ವಾ? ಕೇಳಿಸ್ಕೋ, ಇನ್ನೂ ಒಂದು ಮಾತಿದೆ, ನಿಮ್ಮತ್ತಿಗೆಗೆ ಮಾತ್ರ..."

ಅವನು ಹೇಳುತ್ತಲೇ ಇದ್ದ. ಅವಳು ತಿರುಗಿ ನೋಡದೆ ಹುಡುಗಿಯ ಕೋಣೆಯ ಬಾಗಿಲನ್ನು ತಳ್ಳಿ ಒಳಗೆ ಹೋದಳು.