ತೂಗುತಟ್ಟೆಯ ಮೇಲಿನ ಕೊನೆಯ ಕಪ್

ಮದುವೆಯಾಗಿ ಆ ಮನೆಗೆ ಕಾಲಿಟ್ಟ ಮರುದಿನ ಬೆಳಗ್ಗೆ ಮೈದುನ, "ಅತ್ತಿಗೇ, ನನ್ನ ಇನ್ನೊಂದು ಕಾಲುಚೀಲ ಎಲ್ಲಿ?" ಎಂದು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತ್ತು. ನಿನ್ನೆ ಬಂದವಳಿಗೆ ಅದು ಹೇಗೆ ಗೊತ್ತಿರಬೇಕು ಎಂದು ಯಾರೂ ಕೇಳಲಿಲ್ಲ. ಅವಳು ಮಂಚದ ಕೆಳಗೆ ಬಗ್ಗಿ ಹುಡುಕಿಕೊಟ್ಟಳು. ಅಲ್ಲೇ ತಪ್ಪಾಯಿತು. ಅಂದಿನಿಂದ ಹಾಲಿನವನಿಗೆ, ಪೋಸ್ಟಿನವನಿಗೆ, ಎದುರುಮನೆಯ ಹಲ್ಲಿಲ್ಲದ ಮುದುಕನಿಗೂ ಅವಳು ಅತ್ತಿಗೆ.

ಅತ್ತಿಗೆಯದು ಕಾಜಾ-ಗುಂಡಿಯ ಕೆಲಸ. ಪೇಟೆಯ ದರ್ಜಿಗಳು ಹೊಲಿದ ಅಂಗಿಗಳ ಗಂಟು ಮನೆಗೆ ಬರುತ್ತಿತ್ತು. ಗುಂಡಿ ತೂರುವ ತೂತಿನ ಸುತ್ತ ದಾರ ಬಿಗಿದು ಕಾಜಾ ಮಾಡುವುದು, ಅದರ ಎದುರಿಗೆ ಸರಿಯಾಗಿ ಗುಂಡಿ ಹೊಲಿಯುವುದು. ಮನೆಯಲ್ಲಿ ಕೂತು ಮಾಡುವ ಕೆಲಸವಾದ್ದರಿಂದ ಮನೆಯವರ ಪ್ರಕಾರ ಅದು ಬರೀ ಕೂತಿರುವುದು. ಗಂಡ ಗಡಿಯಾರ ರಿಪೇರಿಯವನು. ಅವನೂ ಅದೇ ಮನೆಯ ಮುಂದಿನ ಕೋಣೆಯಲ್ಲಿ ಕೂತಿರುತ್ತಿದ್ದ. ಆದರೆ ಅದು ಅಂಗಡಿ.

ಟೀವಿ ಇದ್ದದ್ದೂ ಆ ಮುಂದಿನ ಕೋಣೆಯಲ್ಲೇ. ಭಾನುವಾರ ಸಂಜೆ ಅದರಲ್ಲಿ 'ಒಂದು ಕೈ ನೋಡೋಣ' ಬರುತ್ತಿತ್ತು. ಕೋಟಿನವನೊಬ್ಬ ಮೊದಲು ಪ್ರಶ್ನೆ ಕೇಳಿ, ಕೊನೆಗೆ ಒಂದು ಕೈಚಳಕದ ಆಟ ಆಡಿಸುತ್ತಿದ್ದ. ಪ್ರಶ್ನೆಗಳನ್ನು ಇವತ್ತಿಗೂ ನೆನಪಿಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅತ್ತಿಗೆಗೆ ನೆನಪಿರುವುದು ಕೈಚಳಕದ ಆಟಗಳು. ಅದರಲ್ಲೂ, ಕೆಲವೇ ವಾರ ಬಂದು ಹೇಳದೆ ಕೇಳದೆ ಮಾಯವಾದ ಆಟಗಳು. ಹಕ್ಕಿಯ ಗರಿಯೊಂದನ್ನು ನೆಲಕ್ಕೆ ಬೀಳಿಸದೆ, ಪುಸ್ತಕದಿಂದ ಬೀಸಿ ಬೀಸಿ ತಂತಿಯ ಬಳೆಗಳೊಳಗೆ ತೂರಿಸುವ ಆಟ. ಮೊಳದುದ್ದದ ಕೋಲಿಗೆ ಚಮಚ ಕಟ್ಟಿ, ಬಟಾಣಿ ಎತ್ತಿ ಸೀಸೆಗೆ ಹಾಕುವ ಆಟ. ಕಣ್ಣು ಕಟ್ಟಿಕೊಂಡು ಕೀಲಿಗೊಂಚಲಿನಿಂದ ಸರಿಯಾದ ಕೀಲಿ ಆರಿಸುವ ಆಟ. ಇದರಲ್ಲಿ ಯಾರೋ ಕೋಟಿನವನ ಕೈಗೇ ಬೀಗ ಜಡಿದದ್ದನ್ನು ಅತ್ತಿಗೆ ಕಣ್ಣಾರೆ ನೋಡಿದ್ದಳು.

ಹೀಗೆ ಹೇಳತೊಡಗಿದರೆ ಅಂಗಿಯ ಗಂಟು ತಂದ ಹೆಂಗಸರು ಮನೆಗೆ ಹೋಗುವುದನ್ನು ಮರೆತು ಹೊಸ್ತಿಲಲ್ಲೇ ಕೂತುಬಿಡುತ್ತಿದ್ದರು.

"ಬೀಗ ಜಡಿದ್ನಾ? ಆಮೇಲೆ?"

"ಆಮೇಲೆ ನಾನು ಬಡಿಸೋಕೆ ಹೋದೆ."

ಅತ್ತಿಗೆಯ ಎಲ್ಲ ಆಟಗಳೂ ಹೀಗೇ ಮುಗಿಯುತ್ತಿದ್ದವು. ಏಕೆಂದರೆ ಆಟ ಮುಗಿಯುವ ಹೊತ್ತಿಗೆ ಸರಿಯಾಗಿ ಅತ್ತೆಯ ಮಾತ್ರೆಯ ಹೊತ್ತು. ಮಾತ್ರೆ ಊಟವಾದ ಮೇಲೆ, ಊಟ ಎಲ್ಲರೂ ಒಟ್ಟಿಗೆ, ಬಡಿಸುವವಳು ಒಬ್ಬಳೇ. ಅವಳು ಎದ್ದು ಹೋಗುತ್ತಿದ್ದಳು, ಉಳಿದವರು ಕೂತು ನೋಡುತ್ತಿದ್ದರು, ಮರುದಿನವೇ ಮರೆಯುತ್ತಿದ್ದರು.

ಬೇರೆ ಆಟಗಳ ಕೊನೆ ಹೋದರೆ ಹೋಗಲಿ ಎಂದು ಅವಳು ಬಿಟ್ಟಿದ್ದಳು. ತೂಗುತಟ್ಟೆಯದನ್ನು ಮಾತ್ರ ಬಿಡಲಾಗಲಿಲ್ಲ. ಒಂದೇ ಸರಪಳಿಯಲ್ಲಿ ನೇತಾಡುವ ದೊಡ್ಡ ದುಂಡು ತಟ್ಟೆ. ಮೇಜಿನ ಮೇಲೆ ಒಂದೇ ತರಹದ ಪಿಂಗಾಣಿ ಕಪ್‌ಗಳು, ಎಲ್ಲಕ್ಕೂ ಮುಚ್ಚಳ. ಕೆಲವು ಖಾಲಿ, ಕೆಲವಕ್ಕೆ ಮರಳು ತುಂಬಿದೆ. ಕೈಗೆತ್ತಿಕೊಳ್ಳುವ ತನಕ ಯಾವುದು ಎಂಥದ್ದೆಂದು ತಿಳಿಯುವುದಿಲ್ಲ. ಇಬ್ಬರು ಒಬ್ಬರಾದ ಮೇಲೊಬ್ಬರು ಒಂದೊಂದನ್ನು ತಟ್ಟೆಯ ಮೇಲಿಡಬೇಕು. ಯಾರ ಕಪ್ಪಿಗೆ ತಟ್ಟೆ ವಾಲಿ ಜಾರಿತೋ ಅವರು ಸೋತರು. ಎಲ್ಲ ಕಪ್‌ಗಳೂ ನಿಂತರೆ ಕೊನೆಯದನ್ನಿಟ್ಟವರೇ ಗೆದ್ದರು. ಆವತ್ತು ಒಂದು ಕಡೆ ಗಿರಿಜಾ ಮೀಸೆಯ ಲಾರಿ ಮಾಲೀಕ, ಇನ್ನೊಂದು ಕಡೆ ಹಸಿರು ಸ್ವೆಟರಿನ ಟೈಪಿಸ್ಟ್ ಹುಡುಗಿ. ತಟ್ಟೆ ಆಗಲೇ ಎಡಕ್ಕೆ ವಾಲಿತ್ತು. ಉಳಿದದ್ದು ಒಂದೇ ಕಪ್. ಅದು ಟೈಪಿಸ್ಟಳ ಕೈಯಲ್ಲಿತ್ತು. ಅವಳು ಅದನ್ನು ತೂಗಿ ನೋಡುತ್ತಿದ್ದ ರೀತಿ ಅತ್ತಿಗೆಗೆ ತುಂಬ ಹಿಡಿಸಿತ್ತು.

"ನನ್ನ ಮಾತ್ರೆ ಹೊತ್ತಾಯ್ತು," ಎಂದರು ಅತ್ತೆ.

ಅತ್ತಿಗೆ ಅಡುಗೆಮನೆಗೆ ಕಾಲಿಟ್ಟಳು. ಕುಕ್ಕರ್ ಸೀಟಿ ಹೊಡೆಯಿತು. ಅದೇ ಕ್ಷಣಕ್ಕೆ ಮುಂದಿನ ಕೋಣೆಯಲ್ಲಿ ಎಲ್ಲರೂ "ಓ!" ಎಂದರು. ಅದು ಸಂತೋಷದ ಓನೋ, ಅಯ್ಯೋ ಪಾಪದ ಓನೋ, ಸೀಟಿಯ ನಡುವೆ ತಿಳಿಯಲಿಲ್ಲ. ತಟ್ಟೆಗಳನ್ನು ಹಿಡಿದು ಓಡಿಬಂದರೆ ಪರದೆಯ ಮೇಲೆ ಸೋಪಿನ ಜಾಹೀರಾತಿನ ನೊರೆ.

"ಏನಾಯ್ತು?"

"ಇನ್ನೇನಾಗುತ್ತೆ, ಗಂಡಸು ಗೆದ್ದ," ಎಂದ ಗಂಡ. ಅವನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿತ್ತು, ಇನ್ನೊಂದು ಮುಚ್ಚಿತ್ತು.

"ಆ ಹುಡುಗಿ ಅತ್ತಳು ಪಾಪ," ಎಂದರು ಅತ್ತೆ.

"ಸರಪಳಿನೇ ಕಿತ್ತು ಬಂತು ಅತ್ತಿಗೆ!" ಎಂದ ಮೈದುನ.

ಕಣ್ಣಿದ್ದ ಮೂವರು ಹೇಳಿದ್ದೂ ಕುರುಡರು ಆನೆ ಮುಟ್ಟಿದ ಕತೆಯೇ. ಮುಂದಿನ ಭಾನುವಾರ ಕೋಟಿನವನು ಬೇರೇನೋ ಹೊಸ ಆಟ ತಂದ. ತೂಗುತಟ್ಟೆ ಮತ್ತೆ ಬರಲಿಲ್ಲ. ಟೈಪಿಸ್ಟ್ ಕಪ್ ಹಿಡಿದುಕೊಂಡೇ ಅತ್ತಿಗೆಯ ತಲೆಯೊಳಗೆ ನಿಂತುಬಿಟ್ಟಳು. ಅತ್ತೆ ತೀರಿಕೊಂಡರು, ಮಗಳು ಹುಟ್ಟಿ ಬೆಳೆದು ನರ್ಸ್ ಆದಳು, ಮೈದುನ ಪೇಟೆಯಲ್ಲಿ ಟೀವಿ, ಫ್ರಿಜ್ಜುಗಳ ಅಂಗಡಿ ತೆರೆದ. ಟೈಪಿಸ್ಟ್ ಮಾತ್ರ ಕೈ ಇಳಿಸಲಿಲ್ಲ.

ಈಚೆಗೆ ಒಂದು ಬೆಳಗ್ಗೆ ಮಗಳು ರಾತ್ರಿಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಅಮ್ಮಾ, ನಿನ್ನ ಕಪ್ಪಿನ ಹೆಂಗಸು ಸಿಕ್ಕಿದಳು!"

ಹಳೆಯ ಟೀವಿ ಕಾರ್ಯಕ್ರಮಗಳನ್ನು ನೆನೆದು ಕೊರಗುವವರ ಗುಂಪೊಂದಿತ್ತಂತೆ. ಅದರಲ್ಲಿ ಯಾರೋ ಪುಣ್ಯಾತ್ಮರು ಆವತ್ತಿನ ಕಂತನ್ನೇ ಮೊಬೈಲಿನಲ್ಲಿ ನೋಡುವಂತೆ ಹಾಕಿದ್ದರು. ಮಗಳು ಅದನ್ನು ಅಮ್ಮನ ಫೋನಿನಲ್ಲೇ ಹಾಕಿಕೊಟ್ಟಾಗ ಅತ್ತಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ಹಾಲು ಅಳೆದು ತೆಗೆದುಕೊಳ್ಳುವಾಗ ಬಗ್ಗಿಸುವಂತೆ ತಲೆ ಬಗ್ಗಿಸಿ ನೋಡಿದಳು. ಅದೇ ಕೋಟು.

"ಕೊನೆಗೆ ಎಳೆದುಬಿಡು ಅಮ್ಮ, ಬೆರಳಲ್ಲಿ ಹೀಗೆ."

"ಬೇಡ. ಮನೆಯವರೆಲ್ಲ ಆವತ್ತು ಮೊದಲಿನಿಂದ ಕೂತು ನೋಡಿರಲಿಲ್ವಾ? ನಾನೂ ಕೂತೇ ನೋಡ್ತೀನಿ."

ಕೂತಳು. ಪ್ರಶ್ನೆಗಳು ಮುಗಿಯುತ್ತಾ ಬಂದವು.

"ಏನೇ, ಚಹಾ ಆಯ್ತಾ?" ಗಂಡ ಮುಂದಿನ ಕೋಣೆಯಿಂದ.

"ಸ್ವಲ್ಪ ಇರಿ ರೀ, ಆಟ ನೋಡ್ತಿದ್ದೀನಿ."

"ನಿಲ್ಲಿಸಿಟ್ಟು ಬಾರೇ. ಅದೇನು ಓಡಿಹೋಗುತ್ತಾ?"

ಆ ಕಾಲದಲ್ಲಿ ಆಟ ಅವಳಿಗಾಗಿ ಕಾಯುತ್ತಿರಲಿಲ್ಲ. ಈಗ ಕಾಯುವ ಆಟ ಬಂದಿತ್ತು. ಹಾಗಾಗಿ, ಅವಳು ಏಳಲಾರೆ ಎನ್ನಲು ಇದ್ದ ಒಂದು ನೆಪವೂ ಹೋಯಿತು. ಚಹಾಕ್ಕೆ ನಿಲ್ಲಿಸಿದಳು. ಮಗಳ ಸಮವಸ್ತ್ರದ ಇಸ್ತ್ರಿಗೆ ನಿಲ್ಲಿಸಿದಳು. ಗ್ಯಾಸಿನವನು ಬಂದಾಗ, ನೀರು ಬಂದಾಗ, ದರ್ಜಿ ಗಂಟು ಕೇಳಲು ಬಂದಾಗ, ಗಂಡನ ಕನ್ನಡಕ ಗಂಡನ ಹಣೆಯ ಮೇಲೆ ಇದ್ದಾಗ ನಿಲ್ಲಿಸಿದಳು. ತುಂಬ ಹೊತ್ತು ಬಿಟ್ಟರೆ ಆ ಹಾಳು ಫೋನು ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ಕೋಟಿನವನ ಮೊದಲ ಜೋಕು ಅವಳಿಗೆ ಬಾಯಿಪಾಠವಾಯಿತು. ಅದು ಮೊದಲ ಸಲವೂ ನಗು ಬರುವಂಥದ್ದಾಗಿರಲಿಲ್ಲ.

"ಒಂದು ಸಲ ಆ ಕಪ್ ಇಟ್ಟುಬಿಡಮ್ಮ," ಎಂದು ಟೈಪಿಸ್ಟಳನ್ನು ಬೇಡಿಕೊಳ್ಳುವ ಮಟ್ಟಕ್ಕೆ ಅವಳು ಬಂದಳು.

ಒಂದು ಮಧ್ಯಾಹ್ನ ಅಂಗಿಗಳ ಗಂಟನ್ನು ಮೂಲೆಗೆ ತಳ್ಳಿ, ಚಪ್ಪಲಿ ಮೆಟ್ಟಿ, "ದಾರ ತರೋಕೆ ಹೋಗ್ತೀನಿ," ಎಂದು ಬಸ್ ಹತ್ತಿದಳು. ಕೊನೆಯ ನಿಲ್ದಾಣದವರೆಗೆ ಟಿಕೆಟ್ ತೆಗೆದುಕೊಂಡು, ಕಿಟಕಿಯ ಪಕ್ಕ ಕೂತು, ಫೋನ್ ತೆರೆದಳು. ಬಸ್ಸಿನಲ್ಲಿ ಯಾರಿಗೂ ಬಡಿಸಬೇಕಾಗಿಲ್ಲ. ಜೋಕು ಹೋಯಿತು, ಪ್ರಶ್ನೆಗಳು ಹೋದವು, ತೂಗುತಟ್ಟೆ ಬಂತು. ಲಾರಿ ಮಾಲೀಕ ಮೀಸೆ ತಿರುವುತ್ತ ತನ್ನ ಕಪ್ ಇಟ್ಟ. ತಟ್ಟೆ ಎಡಕ್ಕೆ ವಾಲಿತು. ಟೈಪಿಸ್ಟ್ ಕೊನೆಯ ಕಪ್ ಎತ್ತಿದಳು. ಅತ್ತಿಗೆ ಫೋನನ್ನು ಮುಖದ ಹತ್ತಿರಕ್ಕೆ ತಂದಳು.

ಟೈಪಿಸ್ಟ್ ಮಾಯವಾಗಿ ಪರದೆಯ ತುಂಬ ಗಂಡನ ಮುಖ ಬಂತು. ಫೋನ್ ಬಡಿದುಕೊಳ್ಳತೊಡಗಿತು.

"ಏನೇ, ಚಹಾಪುಡಿ ಎಲ್ಲಿದೆ?"

"ಎರಡನೇ ಸಾಲು, ಹಿಂದೆ."

"ಯಾವುದರ ಹಿಂದೆ?"

"ನಿಮ್ಮ ಮುಂದೆ ಇರೋದರ ಹಿಂದೆ!"

"ನನ್ನ ಮುಂದೆ ಸಕ್ಕರೆ ಇದೆ."

"ಅದನ್ನ ಸರಿಸಿ."

"ಸರಿಸಿ ಎಲ್ಲಿಡಲಿ?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ನಮ್ಮವರೂ ಇದೇ ಸಾಲಿನವರು," ಎಂದಳು.

ಅತ್ತಿಗೆ ಫೋನನ್ನು ಪೂರ್ತಿ ಆರಿಸಿ ಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಬಸ್ಸು ಪೇಟೆಗೆ ಬಂದಿತ್ತು. ಕೊನೆಯ ನಿಲ್ದಾಣ ಬಿಟ್ಟು ಅಲ್ಲೇ ಇಳಿದು ನೇರವಾಗಿ ಮೈದುನನ ಅಂಗಡಿಗೆ ನಡೆದಳು.

"ಅತ್ತಿಗೇ! ಏನು ಇಷ್ಟು ದೂರ? ಅಣ್ಣ ಚೆನ್ನಾಗಿದ್ದಾನಾ?"

"ಸಕ್ಕರೆ ಡಬ್ಬ ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾರೆ, ಚೆನ್ನಾಗಿದ್ದಾರೆ. ನಂಗೊಂದು ಕುರ್ಚಿ ಹಾಕು. ಆ ತೂಗುತಟ್ಟೆ ಇದೆಯಲ್ಲ, ಅದನ್ನ ನಿನ್ನ ಟೀವಿಲಿ ಹಾಕು."

"ಯಾವುದು, ಸರಪಳಿ ಕಿತ್ತು ಬಂದಿದ್ದಾ?"

"ಹಾಕು, ನೋಡೋಣ ಕಿತ್ತು ಬಂತಾ ಅಂತ."

ಮೈದುನ ಹುಡುಕಿ ಹಾಕಿದ. ಅಂಗಡಿಯ ಗೋಡೆಯ ಟೀವಿಗಳಿಗೆಲ್ಲ ಒಂದೇ ತಂತಿ ಇದ್ದದ್ದರಿಂದ ಗೋಡೆ ತುಂಬ ಕೋಟಿನವನು ಬಂದ. ಅತ್ತಿಗೆ ನಡುವೆ ಕುರ್ಚಿ ಎಳೆದು ಕೂತಳು. ಮಡಿಲಲ್ಲಿ ಅಂಗಿ ಇಲ್ಲದೆ ಕೂತು ಅಭ್ಯಾಸವಿರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಅವುಗಳ ಮೇಲೇ ಕೂತುಬಿಟ್ಟಳು. ಫ್ರಿಜ್ ನೋಡಲು ಬಂದಿದ್ದ ಇಬ್ಬರು ಹೆಂಗಸರು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತರು.

"ಅತ್ತಿಗೆ, ಚಹಾ ತರಿಸಲಾ?"

"ಸುಮ್ನಿರೋ!"

ಟೈಪಿಸ್ಟ್ ಕಪ್ ಎತ್ತಿದಳು. ಅಂಗೈಯಲ್ಲಿ ತೂಗಿ ನೋಡಿದಳು. ತುಟಿ ಕಚ್ಚಿದಳು. ತಟ್ಟೆಯ ಬಲ ಅಂಚಿಗೆ ಮೆಲ್ಲಗೆ ತಾಗಿಸಿದಳು. ಕೈ ಬಿಟ್ಟಳು. ತಟ್ಟೆ ನಿಂತಿತು. "ಭೇಷ್!" ಎಂದಳು ಫ್ರಿಜ್ಜಿನ ಹೆಂಗಸು. ತಟ್ಟೆ ಅಷ್ಟು ಹೊತ್ತು ಯೋಚನೆ ಮಾಡಿದಂತೆ ಸ್ವಲ್ಪ ನಡುಗಿ, ಬಲಕ್ಕೆ ವಾಲಿ, ಅಷ್ಟೂ ಕಪ್‌ಗಳನ್ನು ಒಟ್ಟಿಗೆ ನೆಲಕ್ಕೆ ಸುರಿಯಿತು.

ಅತ್ತಿಗೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದಳು, ಎರಡೂ ಕೈ ನೆಲದ ಕಡೆಗೆ ಚಾಚಿ. ಮೈದುನನ ಅಂಗಡಿಯ ನೆಲದ ಮೇಲೆ ಏನೂ ಬಿದ್ದಿರಲಿಲ್ಲ.

ಪರದೆಗಳ ಮೇಲೆ ಲಾರಿ ಮಾಲೀಕ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಟೈಪಿಸ್ಟ್ ಅಳಲಿಲ್ಲ. ಚೂರುಗಳನ್ನೊಮ್ಮೆ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ಜೋರಾಗಿ ನಕ್ಕಳು. ಅಂಗೈಗಳನ್ನು ಒಂದಕ್ಕೊಂದು ತಟ್ಟಿ ಮರಳು ಉದುರಿಸಿದಳು. ಆಮೇಲೆ ಸ್ವೆಟರಿನ ತುದಿ ಸರಿಪಡಿಸಿಕೊಂಡು, ಚೂರುಗಳ ನಡುವೆ ನೋಡಿ ನೋಡಿ ಕಾಲಿಡುತ್ತ ಹೊರಟೇ ಹೋದಳು. ಪಕ್ಕದಿಂದ ಪೊರಕೆ ಹಿಡಿದವನೊಬ್ಬ ಬಂದು ಗುಡಿಸತೊಡಗಿದ.

ಅತ್ತಿಗೆ ಮೆಲ್ಲಗೆ ಕೂತಳು.

"ಅಯ್ಯೋ, ಸೋತಳಲ್ಲ," ಎಂದಳು ಫ್ರಿಜ್ಜಿನ ಹೆಂಗಸು.

"ಒಂದು ಚೂರು ಎತ್ತಿದಳೇನ್ರೀ?" ಎಂದಳು ಅತ್ತಿಗೆ.

"ಏನು?"

"ಒಂದು ಚೂರನ್ನೂ ಎತ್ತಲಿಲ್ಲ! ಬಗ್ಗಲೂ ಇಲ್ಲ. ಪೊರಕೆ ಎಲ್ಲಿ ಅಂತ ಕೂಡ ನೋಡಲಿಲ್ಲ! ಇನ್ನೊಂದು ಸಲ ಹಾಕೋ."

ಮೈದುನ ಇನ್ನೊಂದು ಸಲ ಹಾಕಿದ. ಫ್ರಿಜ್ಜಿನ ಹೆಂಗಸರು ಫ್ರಿಜ್ಜಿನ ಬಾಗಿಲು ಮುಚ್ಚಿ ಹತ್ತಿರ ಬಂದರು. ಗೋಡೆ ತುಂಬ ಕಪ್‌ಗಳು ಒಡೆದವು, ಗೋಡೆ ತುಂಬ ಹಸಿರು ಸ್ವೆಟರುಗಳು ಕೈ ಕೊಡವಿಕೊಂಡು ಹೊರಟವು. "ಹೌದಲ್ಲ ತಾಯಿ!" ಎಂದಳು ಒಬ್ಬಳು. "ನಾನಾಗಿದ್ರೆ ಸೆರಗಲ್ಲೇ ಗೋರಿಬಿಡ್ತಿದ್ದೆ." ಇನ್ನೊಬ್ಬಳು, "ಕ್ಷಮೆನೂ ಕೇಳ್ತಿದ್ದೆ," ಎಂದಳು. ಮೂವರೂ ನಕ್ಕರು. ನಗು ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಯಿತು. ಮೈದುನ ಏನು ತಮಾಷೆ ಎಂದು ತಿಳಿಯದೆ, ಅಂಗಡಿಯ ಮಾಲೀಕನೆಂಬ ಕಾರಣಕ್ಕೆ ತಾನೂ ನಕ್ಕ.

ಅಷ್ಟರಲ್ಲಿ ಗಂಡ ಏದುಸಿರು ಬಿಡುತ್ತ ಬಂದ. ಫೋನ್ ಆರಿಹೋಯಿತೆಂದು ಗಾಬರಿಯಾಗಿ, ದಾರದ ಅಂಗಡಿಗಳನ್ನೆಲ್ಲ ಸುತ್ತಿ ಬಂದಿದ್ದ. ಹಣೆಯ ಮೇಲೆ ಭೂತಗನ್ನಡಿ ಹಾಗೇ ಇತ್ತು.

"ಇಲ್ಲಿದ್ದೀಯಾ? ನಾನು ಏನೇನೋ ಅಂದ್ಕೊಂಡೆ! ಏನಾಗಿದೆ ನಿಂಗೆ?"

"ಏನೂ ಆಗಿಲ್ಲ. ಬನ್ನಿ, ಕೂತ್ಕೊಳ್ಳಿ. ಇದನ್ನ ನೋಡಿ."

ಅವಳು ಕುರ್ಚಿ ಬಿಟ್ಟೇಳಲಿಲ್ಲ. ಮೈದುನ ಅಣ್ಣನಿಗೆ ಟೀವಿಯ ಖಾಲಿ ಪೆಟ್ಟಿಗೆಯೊಂದನ್ನು ತಳ್ಳಿದ. ಮೂರನೇ ಸಲ ಆಟ ಶುರುವಾಯಿತು. ಕಪ್‌ಗಳು ಬಿದ್ದ ತಕ್ಷಣ ಗಂಡ ತೊಡೆ ತಟ್ಟಿಕೊಂಡ.

"ಗಂಡಸೇ ಗೆದ್ದ ಅಂತ ನಾನು ಆವತ್ತೇ ಹೇಳಿರಲಿಲ್ವಾ? ನೀನು ನಂಬಲಿಲ್ಲ!"

"ಅದು ಬಿಡಿ. ಅವಳನ್ನ ನೋಡಿ, ಅವಳನ್ನ."

ಗಂಡ ಕಣ್ಣು ಕಿರಿದು ಮಾಡಿ, ಗಡಿಯಾರದೊಳಗಿನ ಸ್ಪ್ರಿಂಗ್ ನೋಡುವಷ್ಟೇ ಶ್ರದ್ಧೆಯಿಂದ ನೋಡಿದ. ಫ್ರಿಜ್ಜಿನ ಹೆಂಗಸರು ಅವನ ಮುಖವನ್ನೇ ನೋಡುತ್ತಿದ್ದರು.

"ಆಹಾ," ಎಂದ ಕೊನೆಗೆ, ನಿಜವಾಗಿ ಮೆಚ್ಚಿಕೊಂಡು. "ಆ ಪೊರಕೆಯವನನ್ನ ನೋಡೇ! ಗಂಡಸಾದರೂ ಮೂಲೆ ಬಿಡದೆ ಎಷ್ಟು ನೀಟಾಗಿ ಗುಡಿಸ್ತಿದ್ದಾನೆ!"

ಅತ್ತಿಗೆ ಅವನ ಕಡೆ ತಿರುಗಲಿಲ್ಲ. ಗೋಡೆಯ ಮೇಲಿನ ಎಲ್ಲ ಟೀವಿಗಳಲ್ಲೂ ಆ ಹೆಂಗಸು ಆಗಲೇ ಬಾಗಿಲ ಹತ್ತಿರ ಹೋಗಿದ್ದಳು.