ಹನ್ನೊಂದು ಮಂದಿ ರಾಜರು, ಒಂದೇ ಕಿರೀಟ

ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರು ಬಿಟ್ಟೆ. ಬಗಲಲ್ಲಿ ಹಾರ್ಮೋನಿಯಂ ಪೆಟ್ಟಿಗೆ, ಜೇಬಿನಲ್ಲಿ ನಂಜುಂಡಯ್ಯ ಮೇಷ್ಟರ ಕಾಗದ. ಮಳವಳ್ಳಿ ದಾರಿಯ ಹಳ್ಳಿಯೊಂದರಲ್ಲಿ ಶಾಲೆ ನಡೆಸುವ ಈ ಹಳೆಯ ಸ್ನೇಹಿತರು ಬರೆದಿದ್ದರು: "ಊರವರೆಲ್ಲ ಸೇರಿ ಕಲಾಮೇಳ ಮಾಡುತ್ತಿದ್ದೇವೆ. ಕಂಪನಿಯಿಲ್ಲ, ಟಿಕೆಟ್ಟಿಲ್ಲ. ಪಾತ್ರ ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಹಾರ್ಮೋನಿಯಂ ನುಡಿಸುವವರು ಮಾತ್ರ ಸಿಕ್ಕಿಲ್ಲ." ಅದನ್ನು ಓದಿದಾಗಲೇ ನನಗೆ ಬುದ್ಧಿ ಬರಬೇಕಿತ್ತು.

ಮದ್ದೂರಿನಲ್ಲಿ ಎರಡು ವಡೆ ತಿಂದು ಬಸ್ಸು ಹತ್ತಿದೆ. ಮಳವಳ್ಳಿಗೆ ಹದಿನೈದು ಮೈಲಿ ಚಿಲ್ಲರೆ, ಆರಾಣೆ ಚಾರ್ಜು. ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲ ಗ್ಯಾಸಿನ ಆ ಬಸ್ಸು ಏರು ಬಂದಲ್ಲೆಲ್ಲ ನಿಂತಿತು, ನಾವು ಇಳಿದು ತಳ್ಳಿದೆವು. ಪಕ್ಕದ ಹೆಂಗಸು ತನ್ನ ಕುಕ್ಕೆಯನ್ನು ನನ್ನ ಪೆಟ್ಟಿಗೆಯ ಮೇಲೆ ಇಟ್ಟಾದ ಮೇಲೆ, "ಇಲ್ಲಿ ಮಡಗ್ಲಾ ಸ್ವಾಮಿ?" ಎಂದು ಕೇಳಿದಳು.

ಸೀಮೆಎಣ್ಣೆ ರೇಷನ್ನಿನ ದೆಸೆಯಿಂದ ನಾಟಕ ಹಗಲಲ್ಲೇ, ನಾನು ಬಸ್ಸಿಳಿದ ರಸ್ತೆಯ ಪಕ್ಕದ ಹುಣಸೆ ತೋಪಿನಲ್ಲಿ. ಎಲ್ಲರೂ ಸ್ವಯಂಸೇವಕರು. ಪರದೆಗೆ ಆರು ಮಂದಿ. ಇತ್ತಲಿನವರು ಎತ್ತಿದರೆ ಅತ್ತಲಿನವರು ಇಳಿಸಿದರು. ಅಡಿಗೆಗೆ ಒಂಬತ್ತು ಮಂದಿ ನಿಂತಿದ್ದರು, ನೀರು ತರುವುದು ಯಾರ ಪಾಲಿಗೂ ಬಂದಿರಲಿಲ್ಲ. ಊಟ ಎರಡು ಗಂಟೆಗೆ ಸಿಕ್ಕಿತು, ಸಾರಿಗೆ ಉಪ್ಪಿರಲಿಲ್ಲ.

ನಾಟಕ ಮೇಷ್ಟರೇ ಬರೆದದ್ದು, ರಾಜ್ಯ ಕಳೆದುಕೊಂಡು ಸಾಯುವ ಒಬ್ಬ ರಾಜನ ಕಥೆ. ರಾಜನಾಗಬೇಕೆಂದು ಹನ್ನೊಂದು ಮಂದಿ ಕೇಳಿದ್ದರಂತೆ. ಇಲ್ಲ ಎನ್ನುವಂತಿಲ್ಲವಲ್ಲ, ಸೀನಿಗೊಬ್ಬ ರಾಜ! ಕಿರೀಟ ಮಾತ್ರ ಒಂದೇ. ಒಬ್ಬನಿಗೆ ಅದು ಕಿವಿವರೆಗೆ ಇಳಿದರೆ ಇನ್ನೊಬ್ಬನಿಗೆ ನೆತ್ತಿಯ ಮೇಲೆ ಕೂತಿತು. ತೊಟ್ಟವರು ಬಿಡಲೊಲ್ಲರು. ಒಬ್ಬೊಬ್ಬರ ಪದಕ್ಕೂ ಅವರವರ ನೆಂಟರು "ಒನ್ಸ್ ಮೋರ್" ಎಂದರು. ನಮ್ಮ ಬಸ್ಸಿನ ಡ್ರೈವರ್ ದಸ್ತಗೀರ್ ಸಾಬರು ಆರನೆಯ ರಾಜ. ಪ್ರಯಾಣಿಕರನ್ನು ಮರದಡಿ ಕಾಯಿಸಿ ಬಂದು, ಒಂದೇ ಪದವನ್ನು ಮೂರು ಸಲ ಹಾಡಿ ಹೋದರು. ನನ್ನ ಬೆರಳು ಸೆಟೆದುಹೋಗಿತ್ತು.

ಬಿಡುವಿನಲ್ಲಿ ಬೋರೇಗೌಡರು ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಅರವತ್ತು ದಾಟಿದ ಬೇಸಾಯಗಾರರು, ಹನ್ನೊಂದನೆಯ ರಾಜ.

"ಸಾಯೋ ಸೀನು ನಂದು ಸ್ವಾಮಿ. ಎಲ್ಡೇ ಪದ. ಒಂದು ನಿಂತ್ಕಂಡು, ಇನ್ನೊಂದು ಬಿದ್ಕಂಡು. ಬಿದ್ಕಂಡು ಆಡೋದೇ ಚೆಂದಾಗದೆ. ನೇಗ್ಲು ಇಂದೆ ಆಡ್ಕಂಡು ಆಡ್ಕಂಡು ಬಾಯಿಗೆ ಬಂದದೆ. ಕೊಕ್ಕರೆ ಬೆಳ್ಳೂರಿಂದ ಮಗಳೂ ಬಂದವ್ಳೆ ಕೇಳಾಕೆ."

ನಾನು ಮೇಷ್ಟರ ಬಳಿ ಹೋದೆ. "ಐದಕ್ಕೆ ನನ್ನ ಬಸ್ಸು. ನಾಳೆ ಆಫೀಸಿಗೆ ಹೋಗದಿದ್ದರೆ ಕೆಲಸ ಹೋಗುತ್ತದೆ. ನಡುವಿನ ರಾಜರನ್ನು ಮೊಟಕು ಮಾಡಿ."

"ಅವರು ಜಗಳಕ್ಕೇ ಬರ್ತಾರೆ."

"ಬೋರೇಗೌಡರ ಗತಿ?"

"ಅವರು ಒಳ್ಳೆಯವರು, ಏನೂ ಅನ್ನಲ್ಲ."

ಈ ಮಾತು ಕೇಳಿ ಮೈಯೆಲ್ಲ ಉರಿಯಿತು. ಆದರೂ ಹೋಗಿ ನುಡಿಸುತ್ತ ಕೂತೆ.

ಬೋರೇಗೌಡರ ತಲೆಗೆ ಕಿರೀಟ ಬಂದಾಗ ಐದಕ್ಕೆ ಹತ್ತು ನಿಮಿಷ. ನಿಂತು ಹಾಡಿದರು. ಆ ದಿನ ಶ್ರುತಿ ಬಿಡದೆ ಹಾಡಿದವರು ಅವರೊಬ್ಬರೇ. ಮಗಳು ಸೆರಗು ಬಾಯಿಗೆ ಒತ್ತಿಕೊಂಡು ಮುಂದೆಯೇ ಕೂತಿದ್ದಳು. ಪದ ಮುಗಿಸಿ ಗೌಡರು ಬಿದ್ದರು, ಕಣ್ಣು ಮುಚ್ಚಿದರು. ಅಷ್ಟರಲ್ಲಿ ರಸ್ತೆಯಿಂದ ಬಸ್ಸಿನ ಹಾರ್ನ್.

"ಬಸ್ಸು ಬುಡ್ತೀನಿ ಸ್ವಾಮಿ, ರೈಲು ತಪ್ಪುದ್ರೆ ನನ್ನನ್ನ ಅನ್ಬೇಡಿ," ಎಂದು ದಸ್ತಗೀರ್ ಸಾಬರು ಕೂಗಿದರು.

ಇನ್ನೈದು ನಿಮಿಷ ನಿಲ್ಲಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಪೆಟ್ಟಿಗೆ ಮುಚ್ಚಿ ಎತ್ತಿಕೊಂಡು ಓಡಿದೆ. ಹತ್ತು ಜನ ರಾಜರ ಮೇಲಿದ್ದ ಸಿಟ್ಟನ್ನೆಲ್ಲ ಏನೂ ಅನ್ನದವರ ಮೇಲೆ ತೀರಿಸಿದ್ದೆ. ಸೀಟಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು.

"ಗೌಡ್ರುದು ಇನ್ನೊಂದು ಪದ ಇತ್ತಲ್ವಾ?" ಎಂದರು ಸಾಬರು, ಬಸ್ಸು ಹೊರಟ ಮೇಲೆ.

ತಿರುಗಿ ನೋಡಿದೆ. ಬೋರೇಗೌಡರು ಕಣ್ಣು ಮುಚ್ಚಿಕೊಂಡೇ ಮಲಗಿದ್ದರು, ನಾನು ಶ್ರುತಿ ಕೊಡುವುದನ್ನು ಕಾಯುತ್ತ. ನಾನು ಎದ್ದು ಬಂದದ್ದನ್ನು ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲ.