ಆಲದಮರದಲ್ಲಿ ಟರ್ನ್ ಲೆಫ್ಟ್

ಮಿತ್ರರೇ, ಇಂದು ಭಾವನ ದುಬೈ ಮ್ಯಾನೇಜರ್ ಲಾಯಿಲದ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ನನ್ನ ತಮ್ಮನ ವೀಸಾ ಅವರ ಕೈಯಲ್ಲಿತ್ತು. ಕನ್ನಡ ಬಾರದ ಅವರಿಗೆ ಮೊಬೈಲಿನಲ್ಲಿ ನಾನೇ ಗರ್ಜಿಸಿದೆ: "ಗೋ ಸ್ಟ್ರೇಟ್ ಸರ್! ಬಿಗ್ ಬ್ಯಾನಿಯನ್ ಟ್ರೀ! ಟರ್ನ್ ಲೆಫ್ಟ್!"

ಕೋಳಿ ಸುಕ್ಕ ತಣ್ಣಗಾದ ಮೇಲೆ ಎಲ್ಲೋ ದೂರದ ನೆರಿಯದ ಕಾಡಿನಿಂದ ಅವರ ಫೋನ್ ಬಂತು. ಇಲ್ಲಿ ಬರೀ ಮರಗಳೇ ಇವೆ, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದರು!

ನನ್ನ ತಮ್ಮ ತಲೆ ಚಚ್ಚಿಕೊಂಡ. "ಅಣ್ಣಾ, ರಸ್ತೆ ಅಗಲ ಮಾಡುವಾಗ ಆ ಆಲದಮರ ಕಡಿದು ಐದು ವರ್ಷ ಆಯ್ತಲ್ಲ ಮಾರಾಯ!"

ಅಯ್ಯೋ ವಿಧಿಯೇ! ರಸ್ತೆಗೆ ಓಡಿದೆ. "ಎಲ್ಲಿ ನಿಂತರೆ ಅವರಿಗೆ ಕಾಣ್ತೇನೆ ಬ್ಯಾರಿಗಳೇ?" ಎಂದು ಮೂಲೆಯಂಗಡಿಯ ಇಬ್ರಾಹಿಂ ಬ್ಯಾರಿಯವರನ್ನು ಕೇಳಿದೆ.

ಅವರು ತಲೆಯೆತ್ತದೆ ಹೇಳಿದರು: "ಆಲದಮರದ ಹತ್ತಿರವೇ ನಿಲ್ಲಿ. ಯಾರಿಗೂ ತಪ್ಪುವುದಿಲ್ಲ."